ಆಷಾಢಕ್ಕೆ ಸಾಕ್ಷಿ ಇಲ್ಲ

9 ಜನವರಿ 2024, ಮಂಗಳವಾರ

ಸಹಕಾರ ಸಂಘದವರಿಗೆ ಅಚ್ಚು ಹಾಕಿಕೊಟ್ಟ ಡೈರಿಗಳಲ್ಲಿ ಅಧ್ಯಕ್ಷರ ಇನಿಷಿಯಲ್ ತಪ್ಪಿ ಒಂದು ಕಟ್ಟು ವಾಪಸ್ ಬಂತು. ರದ್ದಿಗೆ ಹಾಕಲು ಮನಸ್ಸು ಬರದೆ ಒಂದನ್ನು ನಾನೇ ಇಟ್ಟುಕೊಂಡೆ. ಹೊಸ ವರ್ಷದ ದಿನದಿಂದಲೇ ಬರೆಯಬೇಕು ಅಂತಿದ್ದೆ, ಆಗಲಿಲ್ಲ. ಇವತ್ತು ಬರೆಯದಿದ್ದರೆ ಯಾರ ಮೇಲಾದರೂ ಎಗರಾಡಿಬಿಡುತ್ತೇನೆ.

ವೀಸಾ ರಿಜೆಕ್ಟ್ ಆಯಿತು.

ಹಾಸನದಿಂದ ಸಂಘಮಿತ್ರಾ ಮೇಡಂ ಫೋನ್ ಮಾಡಿ “ಒಂದ್ಸಲ ಬಂದು ಹೋಗಿ” ಅಂದಾಗಲೇ ಅನುಮಾನ ಬಂದಿತ್ತು. ಒಳ್ಳೆಯ ಸುದ್ದಿಯಾಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದರು. ಹೊರದೇಶಕ್ಕೆ ಹೋಗುವವರ ಅರ್ಜಿಗಳನ್ನೆಲ್ಲಾ ನೋಡಿಕೊಳ್ಳುವವರು ಅವರು. ನನ್ನನ್ನು ಕೂರಿಸಿ, ಕಾಫಿ ತರಿಸಿ, ನಾನು ಕುಡಿದು ಮುಗಿಸುವವರೆಗೆ ಕಾದು ಹೇಳಿದರು.

“ನೋಡಿ ರಜನೀಶ್ ಅವ್ರೇ, ಮದುವೆ ಆಗಿದೆ ಅಂತ ಐರ್ಲೆಂಡ್‌ನವ್ರು ಒಪ್ತಾರೆ. ಗಂಡ ಹೆಂಡ್ತಿಯಾಗಿ ಬಾಳಿದೀರ ಅನ್ನೋದಕ್ಕೆ ಏನೂ ಇಲ್ಲ ಅಂತಾರೆ. ಮದುವೆ ಆದ್ಮೇಲೆ ನಿಮ್ಮ ಮಿಸ್ಸೆಸ್ ತಿಂಗಳತನಕ ಇಲ್ಲೇ ಇದ್ರಲ್ಲ. ನೀವು ಹೊಳೆನರಸೀಪುರದಲ್ಲಿ, ಅವ್ರು ಅರಕಲಗೂಡಲ್ಲಿ. ಅಷ್ಟು ಹತ್ರ ಇದ್ದೂ ಯಾಕೆ ಒಟ್ಟಿಗೆ ಇರ್ಲಿಲ್ಲ ಅಂತ ಕೇಳಿದಾರೆ.”

“ಆಷಾಢ ಮೇಡಂ.”

“ನಂಗೆ ಗೊತ್ತು ಕಣ್ರೀ. ಅಲ್ಲಿ ಕೂತವ್ರಿಗೆ ಹೆಂಗೆ ಗೊತ್ತಾಗ್ಬೇಕು?”

ಹೋದ ಜೂನ್ ಹನ್ನೊಂದಕ್ಕೆ ಚನ್ನರಾಯಪಟ್ಟಣದಲ್ಲಿ ಮದುವೆ. ಬೀಗರೂಟ, ನೆಂಟರ ಮನೆ ಊಟ ಅಂತ ಒಂದು ವಾರ ಹೋಯಿತು. ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಅಳಿಯ ಮಾವನ ಮನೆಗೆ ಕಾಲಿಡಬಾರದು. ಇದನ್ನು ನಾನು ಮಾಡಿದ್ದೇ? ಆಷಾಢ ಮುಗಿಯುವ ಮೊದಲೇ ತೇಜಶ್ರೀಯ ರಜೆ ಮುಗಿದು ಹೊರಟುಬಿಟ್ಟಳು. ಅವಳು ಅಲ್ಲಿ ಕಾರ್ಕ್ ಅನ್ನುವ ಊರಿನ ಆಸ್ಪತ್ರೆಯಲ್ಲಿ ನರ್ಸು.

ಅಪ್ಪ ಹೋದ ಮೇಲೆ ಈ ಪ್ರೆಸ್ಸು ನಡೆಸುತ್ತಿದ್ದೇನೆ. ಊರಿನ ಅರ್ಧ ಜನರ ಲಗ್ನಪತ್ರಿಕೆ ನನ್ನ ಕೈಯಿಂದಲೇ ಹೋಗಿರುವುದು. ಆಮೇಲೆ ಬಾಳಿದಿರಾ ಇಲ್ಲವಾ ಅಂತ ನಾನು ಯಾರನ್ನೂ ಕೇಳಿದ್ದಿಲ್ಲ.

ಸಂಜೆ ತೇಜು ಫೋನ್ ಮಾಡಿದಳು. ಡ್ಯೂಟಿ ಬಟ್ಟೆಯಲ್ಲೇ ಇದ್ದಳು. ಮಾತಿಗೊಂದು ‘ರೀ’ ಹಾಕುವುದು ಅವಳ ಅಭ್ಯಾಸ. “ಅಳ್ಬೇಡಿ ರೀ, ಅಪೀಲು ಹಾಕೋಣ ರೀ” ಅಂದಳು. ನಾನು ಅಳುತ್ತಿರಲಿಲ್ಲ, ನೆಗಡಿಯಾಗಿತ್ತು. ಫೋನನ್ನು ತಿರುಗಿಸಿ ಬಾಗಿಲ ಪಕ್ಕದ ಮೊಳೆ ತೋರಿಸಿದಳು. ನನಗೆ ಅಂತ ಮನೆಯ ಇನ್ನೊಂದು ಕೀ ಮಾಡಿಸಿ ತೂಗುಹಾಕಿದ್ದಾಳೆ.

15 ಜನವರಿ, ಸೋಮವಾರ

ಸಂಕ್ರಾಂತಿ. ಅರಕಲಗೂಡಿನ ಮಾವ ನಂಜಯ್ಯನವರ ಮನೆಗೆ ಅವ್ವ ಎಳ್ಳು ಬೆಲ್ಲ ಕಳಿಸಿದಳು. “ಸೊಸೆ ಇದ್ದಿದ್ರೆ ಅವಳ್ ಕೈಲೇ ಬೀರುಸ್ತಿದ್ದೆ” ಅಂತ ಡಬ್ಬಿ ತುಂಬುತ್ತಾ ಮೂರು ಸಲ ಹೇಳಿದಳು.

ತೇಜು ಫೋನಿನಲ್ಲಿ “ಶೆಟ್ಟಿಹಳ್ಳಿ ಫೋಟೊ ಇದ್ದಿದ್ರೆ ಸಾಕಾಗ್ತಿತ್ತು ಅಲ್ವೇನ್ರೀ?” ಅಂದಳು. ಅವ್ವ ಪಕ್ಕದಲ್ಲೇ ಇದ್ದಳು. “ಆಮೇಲೆ ಮಾಡ್ತೀನಿ” ಅಂತ ಇಟ್ಟುಬಿಟ್ಟೆ.

ಇಲ್ಲಾದರೂ ಬರೆಯಬಹುದು, ಇದನ್ನು ಯಾರು ಓದುತ್ತಾರೆ. ಕಳೆದ ಆಷಾಢದಲ್ಲಿ ನಾವು ಭೇಟಿಯಾಗಿದ್ದೆವು. ಅವ್ವನಿಗೂ ಗೊತ್ತಿಲ್ಲ, ಅರಕಲಗೂಡಿನಲ್ಲೂ ಗೊತ್ತಿಲ್ಲ. ಪೇಪರ್ ತರಲು ಹಾಸನಕ್ಕೆ ಅಂತ ನಾನು ಹೊರಡುತ್ತಿದ್ದೆ, ಗೆಳತಿಯ ಮನೆಗೆ ಅಂತ ಅವಳು. ಗೊರೂರಿನಲ್ಲಿ ಅವಳು ಬಸ್ ಇಳಿಯುವ ಹೊತ್ತಿಗೆ ನಾನು ಸ್ಕೂಟರ್ ಜೊತೆ ನಿಂತಿರುತ್ತಿದ್ದೆ. ತಾಳಿ ಕಟ್ಟಿದ ಹೆಂಡತಿಯನ್ನು ಕದ್ದು ನೋಡುವ ಪಾಡು. ಕೊನೆಯ ಸಲ ಹೋದದ್ದು ಶೆಟ್ಟಿಹಳ್ಳಿಯ ಪಾಳು ಚರ್ಚಿಗೆ. ಹಿನ್ನೀರು ಇನ್ನೂ ಗೋಡೆಯ ಹತ್ತಿರ ಬಂದಿರಲಿಲ್ಲ. ಅವಳು ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು. ಗೆಳತಿಯ ಮನೆಗೆ ಚಿತ್ರಾನ್ನ ಯಾಕೆ ಅಂತ ಅವಳ ಅಮ್ಮ ಕೇಳಿದ್ದಕ್ಕೆ, ಅವಳಿಗೆ ಅಡುಗೆ ಬರಲ್ಲ ಅಂದಳಂತೆ. ಅದನ್ನು ಹೇಳಿಕೊಂಡು ಎಷ್ಟು ನಕ್ಕಳು. ನನ್ನ ಜೀವನದಲ್ಲಿ ಅಂಥ ಇನ್ನೊಂದು ದಿನ ಇಲ್ಲ.

ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆವು. ಹೊರಡುವಾಗ ನನಗೆ ಭಯವಾಯಿತು. ನನ್ನ ಮೊಬೈಲು ಕಾರ್ಡಿನ ಡಿಸೈನ್ ನೋಡಲು ಗಿರಾಕಿಗಳ ಕೈಗೆಲ್ಲಾ ಹೋಗುತ್ತದೆ. ನನ್ನದನ್ನು ಅಳಿಸಿದೆ. ನಿನ್ನದೂ ಅಳಿಸು ಅಂದೆ. “ಒಂದಾದ್ರೂ ಇರ್ಲಿ ರೀ” ಅಂದಳು. ಬೇಡ ಅಂದೆ. ನನ್ನೆದುರಿಗೇ ಒಂದೊಂದಾಗಿ ಅಳಿಸಿದಳು. ಅಲ್ಲಿ ಕ್ಯಾಮೆರಾ ಹಾಕಿಕೊಂಡು ತಿರುಗುವವನೊಬ್ಬ ಕೇಳದೆಯೇ ನಮ್ಮದೊಂದು ಫೋಟೊ ಹೊಡೆದಿದ್ದ. ಅವನಿಗೂ ಗದರಿಸಿ ಅಳಿಸಲು ಹೇಳಿದೆ.

ಅವತ್ತು ಮಳೆ ಇರಲಿಲ್ಲ, ಪುಣ್ಯ. ನೆಂದು ಬಂದಿದ್ದರೆ ಎಲ್ಲಿಗೆ ಹೋಗಿದ್ದೆ ಅಂತ ಅವ್ವ ಕೇಳುತ್ತಿದ್ದಳು. ತೇಜುಗೆ ಮಾತ್ರ ಮಾರನೇ ದಿನದಿಂದ ಜ್ವರ. ವಿಮಾನ ಹತ್ತುವಾಗಲೂ ಕೆಮ್ಮುತ್ತಿದ್ದಳು.

2 ಫೆಬ್ರವರಿ, ಶುಕ್ರವಾರ

ಹಾಸನ. ಅಪೀಲಿಗೆ ಏನೇನು ಬೇಕು ಅಂತ ಮೇಡಂ ವಿವರಿಸಿದರು. ನಾನೊಂದು ಹೇಳಿಕೆ ಕೊಡಬೇಕು, ತೇಜು ಅಲ್ಲಿಂದಲೇ ಒಂದು ಕಳಿಸಬೇಕು, ಆಷಾಢದ ಪದ್ಧತಿ ಏನು ಅಂತ ಅವ್ವನಿಂದ ಅಫಿಡವಿಟ್ ಆಗಬೇಕು.

“ಆಷಾಢದಲ್ಲಿ ಒಂದ್ಸಲನಾದ್ರೂ ಭೇಟಿ ಆಗಿದ್ರಾ? ಆಗಿದ್ರೆ ತುಂಬಾ ಒಳ್ಳೇದು. ಕದ್ದುಮುಚ್ಚಿ ಹೋಗಿದ್ರೂ ಪರ್ವಾಗಿಲ್ಲ, ಹೇಳಿ” ಅಂದು ನಕ್ಕರು.

ಪಕ್ಕದ ಕುರ್ಚಿಯಲ್ಲಿ ನಮ್ಮೂರಿನ ಪೇಟೆಬೀದಿಯವರೊಬ್ಬರು ಮಗನ ಪಾಸ್‌ಪೋರ್ಟ್ ಹಿಡಿದು ಕೂತಿದ್ದರು. ಅವರ ಹೆಂಡತಿಗೂ ಅವ್ವನಿಗೂ ಬಹಳ ಸ್ನೇಹ.

“ಇಲ್ಲ ಮೇಡಂ” ಅಂದೆ.

ಆಮೇಲೆ ಫೋನ್ ಮಾಡಿ ಹೇಳಿದರಾಯಿತು.

11 ಫೆಬ್ರವರಿ, ಭಾನುವಾರ

ಅಫಿಡವಿಟ್ ವಿಷಯ ಅವ್ವನಿಗೆ ಹೇಳಿದೆ. ಮೊದಲು ಹೆದರಿದಳು, ಕೋರ್ಟು ಕಚೇರಿ ಅಂತ. ಆಮೇಲೆ ಕಾಳು ಬಿಡಿಸುತ್ತಾ ತನ್ನ ಮೊದಲನೇ ಆಷಾಢದ ಕಥೆ ಹೇಳಿದಳು. ಅವಳ ತವರು ದುದ್ದ. ಅಪ್ಪ ತಡೆಯಲಾರದೆ ಸೈಕಲ್ ಹತ್ತಿ ದುದ್ದಕ್ಕೆ ಹೋಗಿ ನೋಡಿಕೊಂಡು ಬಂದರಂತೆ. ಅದೇ ವಾರ ನನ್ನಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು.

“ಸಾಯೋಗಂಟ ಆಸ್ಗೇಲೇ ಇದ್ಲು ಕಣ್ಲಾ. ನಾನೇ ಎತ್ತಿ ಇಳ್ಸಿ ಮಾಡಿದ್ದು. ತಲೆ ಬಾಚೋವಾಗ್ಲೂ ಅದೇ ಮಾತು, ‘ನಿಮ್ಮಿಬ್ರಿಂದ್ಲೇ ನಂಗಿಂಗಾಯ್ತು’ ಅಂತ. ಅದುಕ್ಕೇ ಆಷಾಡ್ದಾಗೆ ನೋಡ್ಕೋಬೇಡಿ ಅಂತ ನಾನು ನಿಮ್ಗೆ ಅಷ್ಟು ಗಟ್ಟಿಯಾಗ್ ಏಳಿದ್ದು. ನನ್ ಜೀವಕ್ ಎದ್ರಿ ಅಲ್ಲ. ನಾಳೆ ನಂಗೇನಾದ್ರೂ ಆದ್ರೆ ಆ ಮಾತು ಆ ಮಗು ತಲೆ ಮೇಲೆ ಬರ್ಬಾರ್ದು ಅಂತ.”

ಇಷ್ಟಾದ ಮೇಲೆ ನಾನು ಯಾವ ಬಾಯಲ್ಲಿ ಹೇಳಲಿ? ಅವ್ವನಿಗೆ ಬಿ.ಪಿ. ಬೇರೆ.

ತೇಜುಗೆ ಹೇಳಿದರೆ ಅವಳು ಬೇರೆಯೇ ಹೇಳಿದಳು. “ಅತ್ತೆ ಬೈಯಲ್ಲ ರೀ. ಬೈದ್ರೂ ಬೈಸ್ಕೊಳೋಣ. ನಾನು ಎಲ್ಲಾ ನಿಜ ಬರೀತೀನಿ, ಶೆಟ್ಟಿಹಳ್ಳೀನೂ ಬರೀತೀನಿ. ನೀವೂ ಬರೀತೀರಲ್ವಾ?”

ಹೂಂ ಅಂದೆ.

22 ಫೆಬ್ರವರಿ, ಗುರುವಾರ

ನೋಟರಿ ಕೆಲಸ ಮುಗಿಯಿತು. ಅಫಿಡವಿಟ್ಟಿನ ಕನ್ನಡ ಪ್ರತಿ ನಾನೇ ಟೈಪ್ ಮಾಡಿದ್ದು, ಅಕ್ಷರಗಳ ಅಂದಕ್ಕೆ ವಕೀಲರೇ ಮೆಚ್ಚಿದರು. ‘ನಮ್ಮ ಪದ್ಧತಿಯಂತೆ ನನ್ನ ಮಗ ಮತ್ತು ಸೊಸೆ ಆಷಾಢ ಮಾಸದಲ್ಲಿ ಒಬ್ಬರನ್ನೊಬ್ಬರು ಭೇಟಿಯಾಗಿರುವುದಿಲ್ಲ’ ಅನ್ನುವ ಸಾಲನ್ನು ವಕೀಲರು ಜೋರಾಗಿ ಓದಿದರು. ಅವ್ವ ನನ್ನ ಮುಖ ನೋಡಿದಳು. “ಸರಿಯಾಗಿ ಬರ್ದಿದ್ದೀಯ ತಾನೆ?” ಅಂತ ಕೇಳಿದಳು. ಸರಿಯಾಗಿದೆ ಅಂದೆ. ಪ್ರೇಮಕುಮಾರಿ ಅಂತ ನಿಧಾನವಾಗಿ ಬರೆದು ರುಜು ಹಾಕಿದಳು. ನನ್ನ ಹೇಳಿಕೆಯಲ್ಲೂ ಅದೇ ಸಾಲು ಇದೆ. ಇರಲೇಬೇಕಲ್ಲ.

ತೇಜುಗೆ ಹೇಳಿ ಶೆಟ್ಟಿಹಳ್ಳಿ ವಿಷಯ ಬಿಡಿಸಬೇಕು. ಮೊನ್ನೆಯಿಂದ ಹೇಳಬೇಕು ಅಂತಲೇ ಇದ್ದೇನೆ, ಹೊತ್ತು ಹೊಂದುತ್ತಿಲ್ಲ.

26 ಫೆಬ್ರವರಿ, ಸೋಮವಾರ

ಅವಳು ಆಗಲೇ ಕಳಿಸಿಬಿಟ್ಟಿದ್ದಾಳೆ.

ಖುಷಿಯಲ್ಲಿ ಫೋನ್ ಮಾಡಿ ಪೂರ್ತಿ ಓದಿ ಹೇಳಿದಳು. ಇಂಗ್ಲಿಷಿನಲ್ಲಿ ಓದುವುದು, ನಾಚಿಕೆಯಾದ ಕಡೆ ಕನ್ನಡಕ್ಕೆ ಬರುವುದು. ಗೊರೂರಿನ ಬಸ್ ಸ್ಟಾಪು, ಚಿತ್ರಾನ್ನ ಎಲ್ಲಾ ಬರೆದಿದ್ದಾಳೆ. ಮಳೆ ಬಂತು, ಇಬ್ಬರಿಗೂ ಒಂದೇ ಕೊಡೆ ಇತ್ತು ಅಂತ ಬೇರೆ ಬರೆದಿದ್ದಾಳೆ. ಮಳೆ ಎಲ್ಲಿ ಬಂತು? ಒಂದಕ್ಕೆರಡು ಸೇರಿಸಿ ಹೇಳುವುದು ಇವಳಿಗೆ ಮೊದಲಿಂದಲೂ ಇದೆ.

“ನೀವೇನ್ ಬರೆದ್ರಿ ರೀ, ಓದಿ” ಅಂದಳು. ಮಿಶನ್ ಓಡ್ತಾ ಇದೆ, ಕೇಳ್ಸಲ್ಲ ಅಂದೆ. ಮಿಶನ್ ನಿಂತಿತ್ತು.

ಇಲ್ಲಿನ ಕಾಗದಗಳೂ ಹೋಗಿಯಾಗಿದೆ. ‘ನಿಮ್ಮ ಮಿಸ್ಸೆಸ್ ಬರೆದಿರೋದೂ ಇದೇ ತಾನೆ’ ಅಂತ ಮೇಡಂ ಕೇಳಿದ್ದಕ್ಕೆ ಇದೇ ಅಂದಿದ್ದೆ. ಇಷ್ಟೊಂದು ಅರ್ಜಿಗಳ ಮಧ್ಯೆ ಸಾಲು ಸಾಲು ಹಿಡಿದು ಯಾರು ಓದುತ್ತಾರೆ.

14 ಮಾರ್ಚ್, ಗುರುವಾರ

ಏನೂ ಬಂದಿಲ್ಲ. ಕಾರ್ಡ್ ಕೊಡಲು ಬಂದವರೊಬ್ಬರು “ಏನಪ್ಪಾ, ಹೆಂಡ್ತಿ ವೀಸಾದಲ್ಲಿ ಓಗೋನು, ಅಲ್ಲೋಗಿ ಮುದ್ದೆ ತೊಳುಸ್ತೀಯಾ?” ಅಂತ ಕೆಣಕಿದರು. ತೊಳಸ್ತೀನಿ, ನಿಮಗೂ ಎರಡು ಕಳಿಸ್ತೀನಿ ಅಂದೆ. ನಿಜಕ್ಕೂ ಅವ್ವನ ಹತ್ತಿರ ಮುದ್ದೆ ಕಟ್ಟುವುದನ್ನು ಕಲಿಯುತ್ತಿದ್ದೇನೆ. ಗಂಟಾಗುತ್ತದೆ.

19 ಏಪ್ರಿಲ್, ಶುಕ್ರವಾರ

ಈ ಸಲ ಮೇ ತಿಂಗಳಲ್ಲಿ ಶುಕ್ರ ಅಸ್ತವಂತೆ, ಮುಹೂರ್ತವೇ ಇಲ್ಲ. ಪ್ರೆಸ್ಸು ತಣ್ಣಗಿದೆ.

ತೇಜುವಿನ ಜೊತೆ ಕೆಲಸ ಮಾಡುವ ಕೇರಳದ ನರ್ಸಿನ ಗಂಡನಿಗೆ ವೀಸಾ ಬಂತು. ಅವನನ್ನು ಕರೆತರಲು ಇವಳೂ ಏರ್‌ಪೋರ್ಟಿಗೆ ಹೋಗಿದ್ದಳಂತೆ.

“ಎಲ್ರೆದುರಿಗೇ ಹೆಂಡ್ತೀನ ತಬ್ಕೊಂಡು ಅತ್ಬಿಟ್ರು ರೀ. ಟ್ರಾಲಿ ಎಲ್ಲೋ ಹೋಗ್ತಾ ಇತ್ತು, ನಾನೇ ಹಿಡ್ಕೊಂಡೆ.”

“ನಮ್ಮಲ್ಲಿ ಹಂಗೆಲ್ಲಾ ಇಲ್ಲಪ್ಪ” ಅಂದೆ.

ನೆಟ್‌ವರ್ಕ್ ಹೋಯಿತು ಅಂದುಕೊಂಡು ಹಲೋ ಹಲೋ ಅಂದೆ. “ಕೇಳ್ತಿದೆ” ಅಂದಳು.

14 ಮೇ, ಮಂಗಳವಾರ

ಅಪೀಲೂ ಬಿದ್ದುಹೋಯಿತು.

ಸಂಘಮಿತ್ರಾ ಮೇಡಂ ಕಾಫಿ ತರಿಸಲಿಲ್ಲ. ಕಾಗದ ನನ್ನ ಕಡೆ ತಳ್ಳಿದರು. ಹೆಂಡತಿ ಭೇಟಿಯಾಗಿದ್ದೇವೆ ಅನ್ನುತ್ತಾಳೆ, ಗಂಡ ಇಲ್ಲ ಅನ್ನುತ್ತಾನೆ, ಗಂಡನ ತಾಯಿ ಪ್ರಮಾಣ ಮಾಡಿ ಇಲ್ಲ ಅನ್ನುತ್ತಾಳೆ, ಆದ್ದರಿಂದ ಯಾವುದನ್ನೂ ನಂಬಲಾಗದು ಅಂತ ಅದರಲ್ಲಿದೆ.

“ನಾನ್ ಕೇಳಿದ್ದೆ ಅಲ್ವಾ ರಜನೀಶ್ ಅವ್ರೇ? ಇದೇ ಜಾಗದಲ್ಲಿ ಕೂರ್ಸಿ ಕೇಳಿದ್ದೆ.”

ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡೆ.

“ಹೊಸ್ದಾಗಿ ಅರ್ಜಿ ಹಾಕ್ಬೋದು. ಈ ಸಲ ಗಟ್ಟಿ ಸಾಕ್ಷಿ ಬೇಕು. ಮೊದ್ಲು ಮನೆಗ್ ಹೋಗಿ ನಿಮ್ ಮಿಸ್ಸೆಸ್ ಹತ್ರ ಮಾತಾಡಿ.”

ಬಸ್ಸಿನಲ್ಲಿ ಬಂದೆ. ಕಂಡಕ್ಟರ್ ಚಿಲ್ಲರೆ ವಾಪಸ್ ಕೊಡಲು ಕರೆಯುತ್ತಿದ್ದನಂತೆ, ನನಗೆ ಕೇಳಿಸಲೇ ಇಲ್ಲ.

16 ಮೇ, ಗುರುವಾರ

ಎರಡು ದಿನ ಅವಳು ಫೋನ್ ಎತ್ತಲಿಲ್ಲ. ಇವತ್ತು ತಾನೇ ಮಾಡಿದಳು. ಮುಖ ತೋರಿಸಲಿಲ್ಲ, ಬರೀ ದನಿ.

“ಯಾಕೆ ಬರೀಲಿಲ್ಲ ನೀವು?”

ಅವ್ವನ ಕಥೆ, ಅಜ್ಜಿಯ ಸೊಂಟ, ಬಿ.ಪಿ. ಎಲ್ಲಾ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

“ಅವ್ರು ಕೇಳಿದ್ದು ಒಂದೇ. ನೀವಿಬ್ರೂ ಗಂಡ ಹೆಂಡ್ತಿಯಾಗಿ ಇದ್ರಾ ಅಂತ. ನಾನು ಇದ್ವಿ ಅಂತ ಬರೆದೆ. ನೀವು ಇಲ್ಲ ಅಂತ ಬರೆದು ರುಜು ಹಾಕಿ ಕಳಿಸಿದ್ರಿ.”

“ಅದು ಕಾಗದಕ್ಕೆ ತೇಜು.”

“ಮತ್ತೆ ನಾನ್ ಬರೆದಿದ್ದು?”

ಇನ್ನೊಂದು ಅರ್ಜಿ ಹಾಕೋಣ, ಈ ಸಲ ಎಲ್ಲಾ ಬರೀತೀನಿ ಅಂದೆ. ನೋಡೋಣ ಅಂದಳು. ಪಾಪ, ಕೆಲಸ ಜಾಸ್ತಿ ಅವಳಿಗೆ. ಸುಸ್ತಾಗಿದ್ದಾಳೆ.

20 ಮೇ

ಫೋನ್ ಇಲ್ಲ.

27 ಮೇ

ಊಟ ಆಯ್ತಾ ಅಂತ ಹಾಕಿದ್ದೆ. ಆಯ್ತು ಅಂತ ಸಂಜೆ ಬಂತು.

11 ಜೂನ್, ಮಂಗಳವಾರ

ಮದುವೆಯಾಗಿ ಒಂದು ವರ್ಷ. ಬೆಳಿಗ್ಗೆ ನಾನು ಹಾಕಿದ ಮೆಸೇಜಿಗೆ ಒಂದು ಕೈಮುಗಿದ ಚಿತ್ರ ಬಂತು. ಗಿರಾಕಿಗಳಿಗೆ ನಾನು ಕಳಿಸುವುದೂ ಅದನ್ನೇ.

ಅವ್ವ ಪಾಯಸ ಮಾಡಿದ್ದಳು. ಬಡಿಸಿ ಎದುರಿಗೆ ಕೂತು, “ಏನಾಯ್ತು ಏಳು. ಆ ಕಾಗ್ದ ಬಂದಾಗ್ಲಿಂದ ನೀನು ಸರಿಯಾಗ್ ಉಣ್ತಾ ಇಲ್ಲ” ಅಂದಳು. ಇಷ್ಟು ದಿನ ‘ಏನೋ ಕಾಗದ ಸಾಲದು’ ಅಂತಷ್ಟೇ ಹೇಳಿದ್ದೆ. ಇವತ್ತು ಬಾಯಿ ಬಿಟ್ಟು ಹೇಳಿದೆ. ಆಷಾಢದಲ್ಲಿ ನಾವು ನೋಡಿಕೊಂಡಿದ್ದೆವು ಅವ್ವ, ಶೆಟ್ಟಿಹಳ್ಳಿಗೆ ಹೋಗಿದ್ದೆವು ಅಂದೆ. ನಾನು ತಲೆ ಎತ್ತಲಿಲ್ಲ.

“ಗೊತ್ತು” ಅಂದಳು.

ಎದ್ದು ಹೋಗಿ ದೇವರ ಗೂಡಿನಿಂದ ಕುಂಕುಮದ ಡಬ್ಬಿ ತಂದಳು. ಅದರೊಳಗೆ ಕಾಗದದಲ್ಲಿ ಸುತ್ತಿದ ತಲೆಗೂದಲಿನ ಕ್ಲಿಪ್ಪು. ಕಪ್ಪು ಕ್ಲಿಪ್ಪು, ಒಂದು ಕಡೆ ಮುತ್ತು ಬಿದ್ದುಹೋಗಿದೆ.

“ನಿನ್ ಸ್ಕೂಟ್ರು ಡಿಕ್ಕೀಲಿ ಸಿಕ್ತು, ಆಷಾಡ್ದಾಗೆ. ಅವ್ಳು ತವ್ರಿಗೋದ್ಮೇಲೆ ಸ್ಕೂಟ್ರು ತೊಳ್ದಿದ್ವಲ್ಲ, ಆವಾಗಿರ್ಲಿಲ್ಲ. ನೋಡ್ಕೊಂಡ್ ಬಂದವ್ನೆ ಅಂತ ಅವತ್ತೇ ಗೊತ್ತಾಯ್ತು. ಬಂದಾಗ ಅವ್ಳ್ ಕೈಗೇ ಕೊಡುವಾ ಅಂತ ಮಡಗಿದ್ದೆ.”

“ಮತ್ತೆ ಬೈಲಿಲ್ಲ ಯಾಕೆ?”

“ಯಾಕ್ ಬೈಲಿ? ನಿಮ್ಮಪ್ಪ ಬಂದಿದ್ರಲ್ಲ ಸೈಕಲ್ಲಲ್ಲಿ. ನಂಗೇನ್ ಬೇಜಾರಾಗಿತ್ತಾ ಅವತ್ತು?”

“ರುಜು ಯಾಕೆ ಹಾಕ್ದೆ ಅವ್ವ?”

“ಲಾಯರ್ ಓದ್ದಾಗ ನಿನ್ ಮಖ ನೋಡಿದ್ನಲ್ಲ, ಸರಿಯಾಗ್ ಬರ್ದಿದ್ದೀಯ ಅಂತ ಕೇಳಿದ್ನಲ್ಲ. ಸರಿಯಾಗದೆ ಅಂದೆ. ಅಂಗೇ ಬರೀಬೇಕೇನೋ, ಮಗಂಗೆ ಗೊತ್ತಿರ್ತದೆ ಅಂತ ಆಕ್ದೆ.”

ಪಾಯಸ ಪಕ್ಕಕ್ಕೆ ಸರಿಸಿದೆ. ನನಗೆ ನನ್ನ ಮೇಲೆ ಅಸಹ್ಯವಾಯಿತು. ಯಾರಿಗೆ ಹೆದರಿ ಬರೆದೆನೋ ಅವಳಿಗೆ ಎಲ್ಲಾ ಗೊತ್ತಿತ್ತು.

ಇದನ್ನೆಲ್ಲಾ ತೇಜುಗೆ ಹೇಳಬೇಕು ಅಂತ ಕೂಡಲೇ ಫೋನ್ ಮಾಡಿದೆ. ಎತ್ತಲಿಲ್ಲ.

23 ಜೂನ್, ಭಾನುವಾರ

ಮಾತಾಡಿದಳು. ಕ್ಲಿಪ್ಪಿನ ಕಥೆ ಹೇಳಿದೆ. ಅತ್ತೆ ಅಷ್ಟು ದಿನ ಇಟ್ಕೊಂಡಿದ್ರಾ ಅಂತ ಕೇಳಿ ಅತ್ತಳು. ಬಹಳ ಹೊತ್ತು ಅತ್ತಳು. ಇನ್ನು ಎಲ್ಲಾ ಸರಿಹೋಯಿತು ಅಂದುಕೊಂಡೆ. ಹೊಸ ಅರ್ಜಿಯ ಮಾತು ತೆಗೆದೆ.

“ಅರ್ಜಿ ಬೇಡ.”

“ಯಾಕೆ? ಈಗ ಅವ್ವಂಗೂ ಗೊತ್ತು, ಇನ್ಯಾರ ಭಯ?”

“ಅದೇ. ಅತ್ತೆಗೆ ಗೊತ್ತು ಅಂತ ಗೊತ್ತಾದ್ಮೇಲೆ ನೀವು ಧೈರ್ಯ ಮಾಡ್ತಿದ್ದೀರ. ನಾಳೆ ಇಲ್ಲಿಗೆ ಬಂದ್ರೂ ಇನ್ಯಾರೋ ಇರ್ತಾರೆ. ನಾನು ಪ್ರತಿ ಸಲ ನಿಮ್ಮ ಪಕ್ಕದಲ್ಲಿ ನಿಂತ್ಕೊಂಡು, ಇವ್ರು ನನ್ನನ್ನ ಹೆಂಡ್ತಿ ಅಂತಾರಾ ಇಲ್ವಾ ಅಂತ ಕಾಯ್ಬೇಕು. ನಂಗೆ ಆಗಲ್ಲ.”

ನಾನು ತಪ್ಪಾಯ್ತು ಅಂದೆ. ಎಷ್ಟು ಸಲ ಅಂದೆನೋ.

“ಆ ಮನೆ ಬಿಟ್ಟೆ. ಇಬ್ರು ನರ್ಸ್‌ಗಳ ಜೊತೆ ಇದೀನಿ ಈಗ. ಕೀ ಎರಡೂ ಮಾಲೀಕರಿಗೆ ಕೊಟ್ಟೆ.”

ಇನ್ನು ನನ್ನ ಜೊತೆ ಬಾಳಲ್ಲ ಅಂತ ಅವಳ ತಂದೆಗೂ ಹೇಳಿದ್ದಾಳಂತೆ. ಇಷ್ಟು ದೂರ ಬಂದಿದೆ ಅಂತ ನನಗೆ ಗೊತ್ತಿರಲಿಲ್ಲ. ಸುಸ್ತು ಅಂದುಕೊಂಡಿದ್ದೆ.

8 ಜುಲೈ, ಸೋಮವಾರ

ಮತ್ತೆ ಆಷಾಢ. ಮಾವ ಪ್ರೆಸ್ಸಿಗೆ ಬಂದಿದ್ದರು. ಆಷಾಢದಲ್ಲಿ ಮಾವ ಅಳಿಯನ ಅಂಗಡಿಗೆ ಬರಬಹುದೋ ಏನೋ, ಇಬ್ಬರೂ ಆ ಮಾತು ಎತ್ತಲಿಲ್ಲ. ಅರಕಲಗೂಡಿನ ಕಡೆ ಮಳೆ ಚೆನ್ನಾಗಿದೆ, ಹೊಗೆಸೊಪ್ಪಿಗೆ ನೀರು ಜಾಸ್ತಿಯಾಯಿತು ಅಂದರು. ಕಾಫಿ ಕುಡಿದರು. ಹೊರಡುವಾಗ ನನ್ನ ಭುಜ ಮುಟ್ಟಿ, “ನಾನು ಏಳೋಷ್ಟು ಏಳ್ದೆ ಕಣಪ್ಪ. ಕೇಳಾಕಿಲ್ಲ ಅಂತಾಳೆ. ನೀನು ಕೆಟ್ಟೋನು ಅಂತೇನೂ ಅವ್ಳು ಅಂದಿಲ್ಲ” ಅಂದರು.

ಬೈದಿದ್ದರೆ ಚೆನ್ನಾಗಿತ್ತು.

21 ಜುಲೈ, ಭಾನುವಾರ

ಶೆಟ್ಟಿಹಳ್ಳಿಗೆ ಹೋಗಿದ್ದೆ. “ಪೇಪರ್ ತರಕ್ಕಾ?” ಅಂತ ಅವ್ವ ಕೇಳಿದಳು. ಇಲ್ಲ ಅವ್ವ, ಶೆಟ್ಟಿಹಳ್ಳಿಗೆ ಅಂದೆ.

ಅಣೆಕಟ್ಟು ತುಂಬಿ ಚರ್ಚು ಅರ್ಧಕ್ಕೆ ಮುಳುಗಿದೆ. ನಾವು ಕೂತು ಚಿತ್ರಾನ್ನ ತಿಂದ ಜಾಗ ಎಲ್ಲಿ ಅಂತಲೇ ಗೊತ್ತಾಗಲಿಲ್ಲ. ದಡದಲ್ಲಿ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕ್ಯಾಮೆರಾದವನು ಇದ್ದ. ಹೆಸರು ಮನು. ಹೋದ ಆಷಾಢ, ನಾನು ಬೈದಿದ್ದೆ, ಅಳಿಸು ಅಂದಿದ್ದೆ ಅಂತ ಜ್ಞಾಪಿಸಿದೆ.

“ಅಯ್ಯೋ, ಅಂಗಂದೋರು ಬಾಳಾ ಜನ ಸಾ. ಅಳುಸ್ದೆ ಅಂತೀನಿ, ಅಳ್ಸಲ್ಲ. ಆಮೇಲೆ ಅವ್ರೇ ಬತ್ತಾರೆ ಉಡಿಕ್ಕೊಂಡು.”

ತಿಂಗಳು ಹೇಳಿದ್ದಕ್ಕೆ, ಮನೆಗೆ ಹೋಗಿ ಹುಡುಕಿಕೊಂಡು ಬಂದು ಮೊಬೈಲಿನಲ್ಲಿ ತೋರಿಸಿದ. ನಾವೇ. ತೇಜು ನನ್ನ ಮುಖವನ್ನೇ ನೋಡಿಕೊಂಡು ನಗುತ್ತಿದ್ದಾಳೆ. ನಾನು ಕತ್ತು ತಿರುಗಿಸಿ ರಸ್ತೆಯ ಕಡೆ ನೋಡುತ್ತಿದ್ದೇನೆ. ಚನ್ನರಾಯಪಟ್ಟಣದ ಗಾಡಿಯೊಂದು ಬಂದು ನಿಂತಿದ್ದು ಈಗ ನೆನಪಾಯಿತು. ನಮ್ಮ ನೆಂಟರೇನೋ ಅಂತ ನೋಡಿದ್ದೆ. ಅವರು ಯಾರೋ ಬೇರೆಯವರು.

ಮನು ನನ್ನ ಮುಖ ನೋಡಿ, “ನಿಮ್ ಮಖ ಅಕ್ಕನ್ ಕಡೀಕ್ ತಿರುಗ್ಸಿಕೊಡ್ಲಾ ಸಾ? ಈಗ ಅದ್ಕೆಲ್ಲಾ ಆಪ್ ಐತೆ. ಯಾರ್ಗೂ ಗೊತ್ತಾಗಕಿಲ್ಲ” ಅಂದ.

ನನಗೂ ಅಂಥ ಕೆಲಸ ಬರುತ್ತದೆ. ಕಾರ್ಡಿಗೆ ಅಂತ ಎಷ್ಟೋ ಜೋಡಿಗಳ ಮುಖ ತಿದ್ದಿಕೊಟ್ಟಿದ್ದೇನೆ. ಬೇಡ, ಇದ್ದ ಹಾಗೇ ಕಳಿಸು ಅಂದೆ.

23 ಜುಲೈ, ಮಂಗಳವಾರ

ಪ್ರೆಸ್ಸಿನಲ್ಲೇ ದೊಡ್ಡದಾಗಿ ಪ್ರಿಂಟ್ ತೆಗೆದು ಮನೆಗೆ ತಂದೆ. ಅವ್ವ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನನ್ನ ಕತ್ತಿನ ಬಗ್ಗೆ ಏನಾದರೂ ಹೇಳುತ್ತಾಳೆ ಅಂತ ಕಾಯುತ್ತಿದ್ದೆ.

“ಮಗು ಪೂರ್ತಿ ನೆಂದೋಗೈತಲ್ಲೋ” ಅಂದಳು. “ಕೊಡೇನೆಲ್ಲಾ ನಿನ್ ಮೇಲೇ ಇಡ್ದವ್ಳೆ.”

ಇಸಿದುಕೊಂಡು ನೋಡಿದೆ. ಮೊಬೈಲಿನಲ್ಲೂ, ಪ್ರಿಂಟ್ ತೆಗೆಯುವಾಗಲೂ ನಾನು ನೋಡಿದ್ದು ನನ್ನ ಕತ್ತನ್ನು ಮಾತ್ರ. ಅವಳ ಕೈ ಮೇಲಕ್ಕಿದೆ, ಕೈಯಲ್ಲಿ ಕೊಡೆ. ಕೊಡೆ ಪೂರ್ತಿ ನನ್ನ ತಲೆಯ ಮೇಲಿದೆ. ಅವಳ ಭುಜ, ತೋಳು ಎಲ್ಲಾ ಒದ್ದೆ, ಕೂದಲು ಕೆನ್ನೆಗೆ ಅಂಟಿಕೊಂಡಿದೆ. ಚರ್ಚಿನ ಗೋಡೆಯ ಮುಂದೆ ಮಳೆಯ ಗೆರೆಗಳು ಕಾಣುತ್ತವೆ. ನನ್ನ ಅಂಗಿಯ ಮೇಲೆ ಒಂದು ಹನಿ ಇಲ್ಲ.

ಮಾರನೇ ದಿನ ಅವಳಿಗೆ ಜ್ವರ ಬಂದದ್ದು ಅದಕ್ಕೆ. ಒಂದು ವರ್ಷ ನಾನು ಮಳೆಯೇ ಇರಲಿಲ್ಲ ಅಂತ ನಂಬಿಕೊಂಡಿದ್ದೆ. ಅವಳು ಬರೆದದ್ದನ್ನು ಸುಳ್ಳು ಅಂದುಕೊಂಡಿದ್ದೆ.

ನಾನು ಅತ್ತುಬಿಟ್ಟೆ. ಈ ಸಲ ನೆಗಡಿಯಲ್ಲ. ಅವ್ವ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

ಮಧ್ಯಾಹ್ನ ಫೋಟೊಗೆ ಫ್ರೇಮ್ ಹಾಕಿಸಿ ಪ್ರೆಸ್ಸಿನ ಗೋಡೆಗೆ ಹೊಡೆದೆ, ಲಗ್ನಪತ್ರಿಕೆಯ ಮಾದರಿಗಳನ್ನು ತೂಗುಹಾಕುವ ಕಡೆ. ಬರುವವರೆಲ್ಲಾ ಮೊದಲು ನೋಡುವುದು ಆ ಗೋಡೆಯನ್ನೇ. ಅವತ್ತು ಹಾಸನದಲ್ಲಿ ಪಕ್ಕ ಕೂತಿದ್ದ ಪೇಟೆಬೀದಿಯವರು ಬಂದು, “ಇದ್ಯಾವಾಗಿಂದಪ್ಪ?” ಅಂದರು. ಹೋದ ಆಷಾಢದ್ದು, ನನ್ನ ಹೆಂಡತಿ ಅಂದೆ.

ತೇಜುಗೂ ಕಳಿಸಿದೆ. ಏನು ಬರೆಯಬೇಕೋ ತಿಳಿಯಲಿಲ್ಲ. ಕೊನೆಗೆ ‘ಅವತ್ತು ಮಳೆ ಬಂದಿತ್ತು’ ಅಂತ ಬರೆದೆ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಉತ್ತರ ಬಂತು. ‘ಗೊತ್ತು’ ಅಂತ ಇತ್ತು. ಮುಂದೆ ‘ರೀ’ ಇರಲಿಲ್ಲ.